ಮುಮ್ಮಡಿಯವರ ಕುದುರೆ ನಡೆ

ಡೊಂಬಿವಲಿಯ ನಮ್ಮ ಭಾನುವಾರದ ಕೂಟಕ್ಕೆ ಹೊಸಬರು ಬಂದರೆ, ಮೇಜಿನ ಮೇಲಿನ ಅಂಗುಲದೆತ್ತರದ ಸಿಪಾಯಿಗಳನ್ನು ನೋಡಿ ಇದೇನೋ ಪರದೇಶದ ಹುಚ್ಚು ಎಂದು ಬಾಗಿಲಲ್ಲೇ ನಿಲ್ಲುತ್ತಾರೆ. ದಾಳ ಕೈಗಿಡುವ ಮೊದಲು ನಾನು ಮುಮ್ಮಡಿ ಕೃಷ್ಣರಾಜ ಒಡೆಯರ ಕಥೆ ಹೇಳುತ್ತೇನೆ.

1794ರಲ್ಲಿ ಹುಟ್ಟಿದವರು. ಟಿಪ್ಪು ಮಡಿದ ಮೇಲೆ, 1799ರಲ್ಲಿ, ಐದು ವರ್ಷದ ಹುಡುಗನನ್ನು ಬ್ರಿಟಿಷರು ಮೈಸೂರಿನ ಪಟ್ಟಕ್ಕೆ ಕೂರಿಸಿದರು. ಪೂರ್ಣಯ್ಯನವರು ದಿವಾನರಾಗಿ ರಾಜ್ಯ ನೋಡಿಕೊಂಡರು. ನಗರದ ರೈತರ ದಂಗೆಯ ಬಳಿಕ, 1831ರಲ್ಲಿ, ಅದೇ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು. ಮೂವತ್ತೇಳರ ಹೊತ್ತಿಗೆ ಪಟ್ಟ ಉಂಟು, ಅಧಿಕಾರ ಇಲ್ಲ! ಕಂಪನಿಯಿಂದ ಹೊರಬಿದ್ದ ನಮ್ಮ ಗೆಳೆಯರಿಗೆ ಈ ಸ್ಥಿತಿ ಬೇಗ ತಿಳಿಯುತ್ತದೆ.

ರಾಜ್ಯ ಮರಳಿಸಿ ಎಂದು ಅವರು ಕೇಳುತ್ತಲೇ ಇದ್ದರು. ಜೊತೆಗೆ ಆಟ ಕಟ್ಟಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಹುಡುಕಿದರು. ಗಂಜೀಫಾದಲ್ಲಿ ಹೊಸ ಆಟಗಳನ್ನು ರೂಪಿಸಿದರು. ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳನ್ನು ಬರೆಸಿಟ್ಟರು. ನನಗೆ ಹಿಡಿಸುವುದು ಇದೇ: ಬರೆದಿಟ್ಟ ಆಟಕ್ಕೆ ಯಾರು ಬೇಕಾದರೂ ಹೊಸದಾಗಿ ಸೇರಬಹುದು, ಅರಮನೆಯ ನಂಟು ಬೇಕಿಲ್ಲ. ನಮ್ಮ ಕೂಟದ ನಿಯಮಗಳನ್ನೂ ನಾವು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದು ಇದೇ ಆಸೆಯಿಂದ.

1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಬ್ರಿಟಿಷರು ಅದನ್ನು ಒಪ್ಪುವುದಕ್ಕೂ ಎಳೆದಾಡಿದರು. ಮುಮ್ಮಡಿಯವರು 1868ರ ಮಾರ್ಚ್‌ನಲ್ಲಿ ತೀರಿಕೊಂಡರು. ರಾಜ್ಯ ಮಗನ ಕೈಗೆ ಬಂದದ್ದು 1881ರಲ್ಲಿ.

ಇಷ್ಟು ಹೇಳುವಷ್ಟರಲ್ಲಿ ಹೊಸಬರು ಕುರ್ಚಿ ಎಳೆದುಕೊಂಡಿರುತ್ತಾರೆ. ಮೊದಲ ನಡೆ ಅವರದೇ.