ಎರಡಾಣೆಯ ಲೆಕ್ಕ ಇಟ್ಟ ಡಾಕ್ಟರ್

ನಮ್ಮ ಕ್ಲಾಸಿನಲ್ಲಿ ಸಿಇಟಿ ಸೀಟಿನವರು, ಮ್ಯಾನೇಜ್‌ಮೆಂಟ್ ಸೀಟಿನವರು ಒಂದೇ ಬೆಂಚಿನ ಮೇಲೆ ಕೂತಿರ್ತೀವಿ. ಪಾಠ ಒಂದೇ, ಫೀಸು ಬೇರೆ ಬೇರೆ. ಫೀಸಿನ ಮೇಲೇ ನಡೆಯೋ ಖಾಸಗಿ ಕಾಲೇಜಿನ ಬೇರು ಹುಡುಕಿದರೆ ನಾವು ತಲುಪೋದು ಕರಾವಳಿಯ ಒಬ್ಬ ಡಾಕ್ಟರ ಹತ್ತಿರ. ಅವರೇ ತೋನ್ಸೆ ಮಾಧವ ಅನಂತ ಪೈ.

ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ. ಮದರಾಸಿನಲ್ಲಿ ಡಾಕ್ಟರಿಕೆ ಓದಿ ಊರಿಗೆ ಮರಳಿದರು. 1925ರಲ್ಲಿ ವ್ಯಾಪಾರಿ ಅಣ್ಣ ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವರ ಜೊತೆ ಸೇರಿ 8000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲೊಂದು ಬ್ಯಾಂಕು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಪಿಗ್ಮಿ ಯೋಜನೆ ಬಂತು. ಏಜೆಂಟು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನೂ ಕಟ್ಟಿಸಿಕೊಂಡು ಲೆಕ್ಕ ಬರೆದು ಹೋಗುತ್ತಿದ್ದ.

ಆಗ ಮೆಡಿಕಲ್ ಕಾಲೇಜು ಕಟ್ಟೋದು ಸರ್ಕಾರದ ಕೆಲಸ ಅನ್ನೋ ನಂಬಿಕೆ ಇತ್ತು. ಸೀಟುಗಳು ಕಡಿಮೆ, ಓದಬೇಕೆನ್ನುವವರು ಹೆಚ್ಚು. ಪೈ ಕಾಯಲಿಲ್ಲ. 1953ರಲ್ಲಿ ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ಖರ್ಚಿಗೆ ಆಧಾರ ಓದುವವರ ಮನೆಯ ದುಡ್ಡು. ಆದರೆ ರೋಗಿಗಳಿಲ್ಲದೆ ಡಾಕ್ಟರು ತಯಾರಾಗೋದು ಹೇಗೆ? ಅದಕ್ಕೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಆಸರೆ ಬೇಕಾಯ್ತು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, 1961ರಲ್ಲಿ ಮಣಿಪಾಲದಲ್ಲೇ ಸ್ವಂತ ಆಸ್ಪತ್ರೆ ಬಂತು.

ಮಣಿಪಾಲ ಶುರುವಾದಾಗ ನಮ್ಮ ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. 1963ರಲ್ಲಿ ಕಲಬುರಗಿಯಲ್ಲಿ ಒಂದು ಸಂಸ್ಥೆಯೇ ಮುಂದೆ ಬಂದು ಎಂ.ಆರ್. ಮೆಡಿಕಲ್ ಕಾಲೇಜು ಕಟ್ಟಿತು. ರಾಯಚೂರಿಗೆ ಸರ್ಕಾರದ ರಿಮ್ಸ್ ಬಂದದ್ದು 2007ರಲ್ಲಿ. ಸರ್ಕಾರಕ್ಕೇ ಕಾಯುತ್ತಾ ಕೂತರೆ ಎಷ್ಟು ತಡ ಆಗುತ್ತೆ ಅನ್ನೋದಕ್ಕೆ ನಮ್ಮೂರೇ ಸಾಕ್ಷಿ.

ಹಾಗಂತ ಪೈ ಹಾಕಿಕೊಟ್ಟ ದಾರಿಯಲ್ಲಿ ಮುಳ್ಳೇ ಇಲ್ಲ ಅನ್ನೋಕಾಗಲ್ಲ. ಸೀಟಿಗೆ ಸುರಿದ ದುಡ್ಡನ್ನ ಡಾಕ್ಟರು ಕೊನೆಗೆ ರೋಗಿಯಿಂದಲೇ ಎತ್ತಬೇಕಾಗುತ್ತೆ ಅನ್ನೋ ದೂರು ಹಳೆಯದು. ಕ್ಯಾಪಿಟೇಶನ್ ತಡೆಯಲು ರಾಜ್ಯ 1984ರಲ್ಲಿ ಕಾಯ್ದೆಯನ್ನೇ ತಂದಿತು. ಪೈ ಅದನ್ನು ನೋಡಲಿಲ್ಲ. 1969ರಲ್ಲಿ ಅವರ ಬ್ಯಾಂಕು ಸರ್ಕಾರದ ಪಾಲಾಗಿತ್ತು, 1979ರ ಮೇ 29ರಂದು ಅವರೂ ತೀರಿಕೊಂಡರು. 2002ರಲ್ಲಿ ಅವರ ಹೆಸರಿನ ಪ್ರತಿಷ್ಠಾನದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು: ಅನುದಾನವಿಲ್ಲದ ಕಾಲೇಜು ತನ್ನ ಫೀಸು ತಾನೇ ನಿಗದಿ ಮಾಡಬಹುದು, ಆದರೆ ಲಾಭಕೋರತನ, ಕ್ಯಾಪಿಟೇಶನ್ ಕೂಡದು.

ನಮಗನ್ನಿಸೋದು ಇಷ್ಟು. ಕಾಲೇಜು, ಆಸ್ಪತ್ರೆ, ಡಾಕ್ಟರು ಹೆಚ್ಚಾದಷ್ಟೂ ರೋಗಿಗೆ ಒಳ್ಳೇದು. ಒಂದೇ ಅಂಗಡಿ ಇರೋ ಊರಲ್ಲಿ ಅವನು ಹೇಳಿದ್ದೇ ರೇಟು. ಆದರೆ ಸಂತೆಯಲ್ಲಿ ಚೌಕಾಸಿ ಮಾಡೋರಿಗೆ ಬೆಲೆ ಗೊತ್ತಿರಬೇಕು, ಪುರುಸೊತ್ತೂ ಇರಬೇಕು. ದೇವದುರ್ಗದಿಂದಲೋ ಮಾನ್ವಿಯಿಂದಲೋ ನಡುರಾತ್ರಿ ಎದೆನೋವು ಅಂತ ರಾಯಚೂರಿಗೆ ಬರೋ ಮುದುಕನಿಗೆ ಎರಡೂ ಇರಲ್ಲ. ಅವನ ಬಿಲ್ಲಿಗೆ ಸರ್ಕಾರ ನಿಲ್ಲಬೇಕು. ಉಳಿದವರಿಗೆ ಕನಿಷ್ಠ ದರಪಟ್ಟಿಯಾದರೂ ಕಾಣಬೇಕು. ಖಾಸಗಿ ಆಸ್ಪತ್ರೆಗಳು ಅದನ್ನು ತೂಗುಹಾಕಬೇಕು ಅಂತ ರಾಜ್ಯದ 2007ರ ಕಾಯ್ದೆಯಲ್ಲೇ ಇದೆ.

ಎರಡಾಣೆ ಕಟ್ಟಿದವನಿಗೂ ಪೈ ಅವರ ಬ್ಯಾಂಕು ಲೆಕ್ಕ ಬರೆದು ಕೊಡುತ್ತಿತ್ತು. ಲಕ್ಷ ಕಟ್ಟುವ ರೋಗಿಗೆ ಅಷ್ಟಾದರೂ ಬೇಡವಾ?