ಹತ್ತು ಗೋಲು ತಿಂದ ಪಂದ್ಯದ ಒಂದು ಗೋಲು

ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ರೂಮಲ್ಲಿ ಲ್ಯಾಪ್‌ಟಾಪ್ ಸುತ್ತ ಕೂತು ಯುರೋಪಿನ ಫುಟ್‌ಬಾಲ್ ನೋಡುವ ನಮ್ಮಲ್ಲಿ, ಜರ್ಮನಿಯ ಗೆರ್ಡ್ ಮುಲ್ಲರ್ 62 ಪಂದ್ಯಕ್ಕೆ 68 ಗೋಲು ಹೊಡೆದದ್ದು ಎಷ್ಟೋ ಜನಕ್ಕೆ ಬಾಯಿಪಾಠ. ಬೆಂಗಳೂರಿನ ಅಹಮದ್ ಖಾನ್ ಯಾರು ಅಂತ ಕೇಳಿದ್ರೆ ಮಾತ್ರ ಎಲ್ಲರೂ ಮುಖ ಮುಖ ನೋಡ್ತೇವೆ. ಹಾಗಾಗಿ ಈ ಸಲ ಅವರ ಬಗ್ಗೆ ಬರೆಯೋಣ ಅಂತ ನಾವು ನಿರ್ಧರಿಸಿದೆವು.

ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಮನೆ ತುಂಬ ಫುಟ್‌ಬಾಲ್ ಆಟಗಾರರು, ಅಣ್ಣತಮ್ಮಂದಿರೂ ಆಡುವವರೇ. ಆಗ ಬೆಂಗಳೂರು ಅಂದರೆ ಫುಟ್‌ಬಾಲ್ ಊರು. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಎತ್ತಿಕೊಂಡು ಬಂದಿತ್ತು. ಆ ಗಾಳಿಯಲ್ಲೇ ಬೆಳೆದ ಹುಡುಗ ಈತ.

ಅವರ ಜಾಗ ಇನ್‌ಸೈಡ್ ಲೆಫ್ಟ್. ಆಗೆಲ್ಲ ತಂಡದ ಮುಂದಿನ ಸಾಲಿನಲ್ಲಿ ಐದು ಜನ ಇರುತ್ತಿದ್ದರು. ಎಡ ಅಂಚಿನವನಿಗೂ ನಡುವಿನವನಿಗೂ ಮಧ್ಯೆ ನಿಂತು, ಚೆಂಡನ್ನು ಹಿಡಿದು, ಎದುರಾಳಿಯನ್ನು ತನ್ನ ಕಡೆ ಎಳೆದುಕೊಂಡು, ಪಕ್ಕದವನಿಗೆ ದಾರಿ ಮಾಡಿಕೊಡುವ ಕೆಲಸ. ಚೆಂಡು ಅವರ ಕಾಲಿಗೆ ಸಿಕ್ಕಿದರೆ ಬಿಡಿಸಿಕೊಳ್ಳುವುದು ಕಷ್ಟ. ಅದಕ್ಕೇ ಹಾವಾಡಿಗ ಅಂತ ಅಡ್ಡಹೆಸರು ಬಿತ್ತು. ಇದೆಲ್ಲ ಬರಿಗಾಲಲ್ಲಿ, ನೆನಪಿರಲಿ!

ಬರಿಗಾಲು ಅಂದ ಕೂಡಲೇ ಬಡತನ, ಪಾಪ ಅಂತ ಕಥೆ ಕಟ್ಟುವವರಿದ್ದಾರೆ. ನಮಗೇನೋ ಅದು ಅರ್ಧ ಸತ್ಯ ಅನ್ನಿಸ್ತದೆ. ಒಣಗಿದ ಗಟ್ಟಿ ನೆಲದಲ್ಲಿ ಚೆಂಡಿನ ಸ್ಪರ್ಶ ಬೆರಳಿಗೆ ನೇರ ಗೊತ್ತಾಗ್ತದೆ, ಬೂಟಿನ ಭಾರವೂ ಇಲ್ಲ. ಮಳೆ ಬಂದರೆ ಮಾತ್ರ ಲೆಕ್ಕ ಉಲ್ಟಾ. ಅಳದಂಗಡಿ, ವೇಣೂರು ಕಡೆಯ ನಮ್ಮ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ ಮಾರಾಯ್ರೆ. ಬೇಸಗೆಯಲ್ಲಿ ಮುರಕಲ್ಲಿನ ಮೈದಾನದಲ್ಲಿ ಬರಿಗಾಲಲ್ಲಿ ಹಾರಿದವರೇ ಆಟಿ ತಿಂಗಳ ಕೆಸರುಗದ್ದೆಯಲ್ಲಿ ಮಕಾಡೆ ಬೀಳ್ತಾರೆ. ಕ್ಲಾಸಿನಲ್ಲಿ ಓದಿದ ಫ್ರಿಕ್ಷನ್ ಪಾಠ ಅಲ್ಲಿ ಬೇಗ ಅರ್ಥ ಆಗ್ತದೆ.

1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತದ ತಂಡ ಹೋದಾಗ ಖಾನ್‌ಗೆ 21 ವರ್ಷ. ತಂಡದ ಹೆಚ್ಚಿನವರು ಬರಿಗಾಲು ಅಥವಾ ಬ್ಯಾಂಡೇಜ್ ಸುತ್ತಿದ ಕಾಲು. ಜುಲೈ 31ರಂದು ಫ್ರಾನ್ಸ್ ಎದುರು ಭಾರತ ಎರಡು ಪೆನಾಲ್ಟಿ ಕಳಕೊಂಡಿತು. ಬೆಂಗಳೂರಿನವರೇ ಆದ ಎಸ್. ರಾಮನ್ ಒಂದು ಗೋಲು ಹೊಡೆದು ಸಮ ಮಾಡಿದರು. 89ನೇ ನಿಮಿಷಕ್ಕೆ ಫ್ರಾನ್ಸ್ ಇನ್ನೊಂದು ಹೊಡೆದು 2–1ರಲ್ಲಿ ಗೆದ್ದಿತು.

ಮರುವರ್ಷ ಖಾನ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಜೊತೆಗೆ ಖಾನ್. ಐವರೂ ದಕ್ಷಿಣದವರು. ಬಂಗಾಳಿಗಳು ಇವರನ್ನು ಪಂಚಪಾಂಡವರು ಅಂತ ಕರೆದರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಇವರದ್ದೇ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಖಾನ್ ಇದ್ದರು.

(1950ರ ವಿಶ್ವಕಪ್‌ಗೆ ಬರಿಗಾಲಿನಿಂದಾಗಿ ಭಾರತ ಹೋಗಲಿಲ್ಲ ಅಂತ ಒಂದು ಕಥೆ ವಾಟ್ಸಾಪಲ್ಲಿ ಓಡಾಡ್ತದೆ. ಆ ಕಾಲದ ನಮ್ಮ ಫುಟ್‌ಬಾಲ್ ಧಣಿಗಳಿಗೆ ವಿಶ್ವಕಪ್‌ಗಿಂತ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತ್ತು ಅನ್ನುವುದೇ ಹೆಚ್ಚು ಸರಿ. ನಷ್ಟ ಆದದ್ದು 23 ವರ್ಷದ ಖಾನ್‌ನಂಥವರಿಗೆ.)

ಆಮೇಲೆ 1952, ಹೆಲ್ಸಿಂಕಿ. ಎದುರಾಳಿ ಯುಗೊಸ್ಲಾವಿಯ, ಆ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ. ಚಳಿ ನೆಲ, ಬೂಟು ಹಾಕಿದ ಗಟ್ಟಿ ಆಳುಗಳು. ಗೋಲಿನ ಮೇಲೆ ಗೋಲು ಬಿದ್ದು ಹತ್ತಾಯಿತು. ನಮ್ಮ ದೇಶದ ಪಂದ್ಯಗಳು ಆಗ 70 ನಿಮಿಷಕ್ಕೇ ಮುಗಿಯುತ್ತಿದ್ದವು, ಇಲ್ಲಿ 90. ಕಡೆಯ ಇಪ್ಪತ್ತು ನಿಮಿಷ ನಮ್ಮವರ ಕಾಲು ಏನಾಗಿರಬೇಡ! ಹತ್ತು ಗೋಲು ತಿಂದವರು ಸೀಟಿ ಯಾವಾಗ ಊದ್ತಾರೆ ಅಂತ ಕಾಯ್ತಾರೆ. ಖಾನ್ ಕಾಯಲಿಲ್ಲ. 89ನೇ ನಿಮಿಷದಲ್ಲಿ ಗೋಲು ಹೊಡೆದರು. 10–1. ದಾಖಲೆಯಲ್ಲಿ ಆ ‘ಒಂದು’ ಅವರದ್ದು.

ಆ ಸೋಲಿನ ನಂತರ ಫೆಡರೇಶನ್ ಬೂಟು ಕಡ್ಡಾಯ ಮಾಡಿತು. ಮಾಡಬೇಕಾದದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ಬರಿಗಾಲಲ್ಲಿ ಕಲಿತ ಆಟಗಾರನಿಗೆ ಇಪ್ಪತ್ತೈದು ದಾಟಿದ ಮೇಲೆ ಬೂಟು ಅಂದರೆ, ಸಿ ಕಲಿತವನಿಗೆ ಪರೀಕ್ಷೆಯ ಹಿಂದಿನ ದಿನ ಬೇರೆ ಭಾಷೆ ಕೊಟ್ಟಂತೆ. ಖಾನ್ ಮಾತ್ರ ಆಟ ಬಿಡಲಿಲ್ಲ, 1959ರವರೆಗೂ ಈಸ್ಟ್ ಬೆಂಗಾಲ್‌ನಲ್ಲೇ ಆಡಿದರು. 1956ರಲ್ಲಿ ಭಾರತ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿದಾಗ ತಂಡದಲ್ಲಿ ಅವರಿರಲಿಲ್ಲ. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. ಅಷ್ಟರಲ್ಲಿ ಅವರು ಈಸ್ಟ್ ಬೆಂಗಾಲ್ ಬಿಟ್ಟು ಎರಡು ವರ್ಷ ಆಗಿತ್ತು.

2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು, 90ನೇ ವಯಸ್ಸಿನಲ್ಲಿ. ನಾವಾಗ ಪ್ರೈಮರಿ ಶಾಲೆಯಲ್ಲಿದ್ದೆವು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ರಾಮನ್ ಅವರದ್ದು, ಎರಡನೆಯದು ಖಾನ್ ಅವರದ್ದು. ಎರಡೂ ಬೆಂಗಳೂರಿನ ಕಾಲುಗಳಿಂದಲೇ ಬಂದವು.