ನಂದಳಿಕೆಯ ಮುದ್ದಣ ಕವಿ

ಹಳಗನ್ನಡವನ್ನು ಬೋಧಿಸುವ ಪಂಡಿತನಿಗೆ ಶ್ರೀರಾಮಾಶ್ವಮೇಧದ ಪಾಠವೆಂದರೆ ವರ್ಷಕ್ಕೊಮ್ಮೆ ಒದಗುವ ಹಬ್ಬ. ಮಳೆಗಾಲದ ಹೊತ್ತು, ಮನೆಗೆ ಬಂದ ಗಂಡ, ಕಥೆ ಹೇಳೆಂದು ಕಾಡುವ ಮನೋರಮೆ. ಇವರಿಬ್ಬರ ಸರಸಸಲ್ಲಾಪವನ್ನು ಓದುವಾಗ ತರಗತಿಯೆಲ್ಲ ನಗುತ್ತದೆ. ಆ ನಗೆಯನ್ನು ನಮಗಿತ್ತವನು ಕ್ಷಯರೋಗಕ್ಕೆ ತುತ್ತಾಗಿ ಮೂವತ್ತೊಂದನೆಯ ವಯಸ್ಸಿನಲ್ಲಿಯೇ ಕಾಲವಶನಾದನೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವವರು ವಿರಳ.

ಲಕ್ಷ್ಮೀನಾರಣಪ್ಪನು 1870ರ ಜನವರಿ 24ರಂದು ಕಾರ್ಕಳ ಸೀಮೆಯ ನಂದಳಿಕೆಯಲ್ಲಿ ಜನಿಸಿದನು. ತಂದೆ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಮುದ್ದಣ ಎಂಬುದು ಮನೆಯವರು ಅಕ್ಕರೆಯಿಂದ ಕರೆದ ಹೆಸರು. ಬಡತನದ ಮನೆ, ವ್ಯಾಸಂಗ ಹೆಚ್ಚು ಸಾಗಲಿಲ್ಲ. ಮದರಾಸಿಗೆ ಹೋಗಿ ಅಂಗಸಾಧನೆಯ ಶಿಕ್ಷಣ ಪಡೆದು ಬಂದು, ಉಡುಪಿ ಕುಂದಾಪುರಗಳ ಶಾಲೆಗಳಲ್ಲಿ ಡ್ರಿಲ್ ಮೇಷ್ಟರಾಗಿ ದುಡಿದನು. ಮಕ್ಕಳ ಮೈಯನ್ನು ಗಟ್ಟಿಮಾಡುವುದೇ ಯಾರ ವೃತ್ತಿಯಾಗಿತ್ತೋ ಅವನ ಮೈಯನ್ನೇ ಕ್ಷಯವು ಒಳಗಿನಿಂದ ಸವೆಸಿತು. ವಿಧಿಯ ಕ್ರೌರ್ಯವೆನ್ನದೆ ಇದಕ್ಕೆ ಬೇರೆ ಮಾತಿಲ್ಲ.

ಆ ಕಾಲದಲ್ಲಿ ಕ್ಷಯವೆಂದರೆ ಮರಣಶಾಸನ. ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯನು ಅದರ ಕ್ರಿಮಿಯನ್ನು ಜಗತ್ತಿಗೆ ತೋರಿಸಿದ್ದು 1882ರಲ್ಲಿ. ಆಗ ಮುದ್ದಣನು ಹನ್ನೆರಡರ ಬಾಲಕ. ಅದನ್ನು ಗೆಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ದೊರಕಿದ್ದಾದರೋ 1943ರಲ್ಲಿ. ನಡುವಣ ಆರು ದಶಕಗಳಲ್ಲಿ ಶತ್ರುವಿನ ಗುರುತು ತಿಳಿದಿತ್ತು, ಆಯುಧವಿರಲಿಲ್ಲ. ಅರಮನೆಗೂ ಅದರಿಂದ ವಿನಾಯಿತಿಯಿರಲಿಲ್ಲ: ಮೈಸೂರಿನಿಂದ ಕನ್ನಂಬಾಡಿಗೆ ಹೋಗುವ ದಾರಿಯಲ್ಲಿರುವ ಕ್ಷಯರೋಗದ ಆಸ್ಪತ್ರೆಗೆ ಅದೇ ರೋಗದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ.

ಇಂಥ ಆಯುಷ್ಯದಲ್ಲಿ ಮುದ್ದಣನು ಮಾಡಿದ್ದೇನು? ರತ್ನಾವತೀ ಕಲ್ಯಾಣ, ಕುಮಾರವಿಜಯಗಳೆಂಬ ಯಕ್ಷಗಾನ ಪ್ರಸಂಗಗಳನ್ನು ರಚಿಸಿದನು. ಅದ್ಭುತರಾಮಾಯಣವನ್ನು ಗದ್ಯದಲ್ಲಿಯೂ ಶ್ರೀರಾಮಪಟ್ಟಾಭಿಷೇಕವನ್ನು ಷಟ್ಪದಿಯಲ್ಲಿಯೂ ಬರೆದನು. ಕಡೆಗೆ ಪದ್ಮಪುರಾಣದ ಶೇಷರಾಮಾಯಣವನ್ನು ಆಧರಿಸಿ ಶ್ರೀರಾಮಾಶ್ವಮೇಧವನ್ನು ಹಳಗನ್ನಡ ಗದ್ಯದಲ್ಲಿ ಹೆಣೆದನು. ಕಥೆ ಹಳೆಯದು, ಭಾಷೆ ಹಳೆಯದು. ಆದರೆ ನಡುನಡುವೆ ಹೆಂಡತಿಯು ಗಂಡನನ್ನು ತಡೆದು ಹಾಸ್ಯಮಾಡುವ, ಸಂಸ್ಕೃತದ ಭಾರವನ್ನು ಇಳಿಸೆನ್ನುವ ಆ ಧೈರ್ಯ ಹೊಚ್ಚಹೊಸದು. ಮನೋರಮೆಯಲ್ಲಿ ಕವಿಪತ್ನಿ ಕಮಲೆಯ ಛಾಯೆಯನ್ನು ಕಾಣುವವರುಂಟು. ನನಗೆ ಬೆರಗು ತರುವುದು ಬೇರೆಯೇ ಒಂದು ಸಂಗತಿ. ಬಡತನ, ವ್ಯಾಧಿಗಳೆರಡೂ ಹಿಂಡುತ್ತಿದ್ದವನ ಕೃತಿಯಲ್ಲಿ ಗೋಳಿನ ಸೊಲ್ಲು ಒಂದೂ ಇಲ್ಲ. ಕೆಮ್ಮಿನ ಸದ್ದು ಆ ಗದ್ಯದೊಳಕ್ಕೆ ನುಸುಳಲೇ ಇಲ್ಲ.

ಇಂದು ಕ್ಷಯಕ್ಕೆ ಮದ್ದುಂಟು. ಆದರೆ ಹರೆಯದವರನ್ನು ಅರ್ಬುದರೋಗ, ಎಂದರೆ ಕ್ಯಾನ್ಸರ್, ಹಿಡಿದಾಗ ಮನೆಮಂದಿಗೆ ಆಗುವ ಭೀತಿ ಅಂದಿನದೇ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಂಥ ಕಡೆ ಚಿಕಿತ್ಸೆ ಪಡೆದು ಗುಣಹೊಂದಿ ಮರಳುವ ಮಕ್ಕಳಿದ್ದಾರೆ. ತಲೆಗೂದಲು ಉದುರಿ, ತಿಂಗಳುಗಟ್ಟಲೆ ಶಾಲೆ ತಪ್ಪಿದ ಹುಡುಗನನ್ನು ಕಂಡಾಗ ಅಧ್ಯಾಪಕರಾದ ನಾವು ಕರುಣೆಯಿಂದಲೇ ಒಂದು ತಪ್ಪು ಮಾಡುತ್ತೇವೆ: ಓದು ಬರಹ ಸದ್ಯಕ್ಕೆ ಬೇಡವೆನ್ನುತ್ತೇವೆ. ಮೈಗೆ ವಿಶ್ರಾಂತಿ ಬೇಕು, ದಿಟ. ಆದರೆ ಕೈಯಿಂದ ಲೇಖನಿಯನ್ನೂ ಕಿತ್ತುಕೊಂಡರೆ ಅವನ ಪಾಲಿಗೆ ರೋಗವೊಂದೇ ಉಳಿಯುತ್ತದೆ. ಮುದ್ದಣನು ರೋಗಿಯಾಗಿದ್ದನು ನಿಜ, ಆದರೆ ಬರೀ ರೋಗಿಯಾಗಿರಲಿಲ್ಲ.

ಇನ್ನೊಂದು ವಿಶೇಷ. ಮೈಸೂರಿನಿಂದ ಹೊರಡುತ್ತಿದ್ದ ಕಾವ್ಯಮಂಜರಿಗೆ ಆತನು ತನ್ನ ಕೃತಿಗಳನ್ನು ಕಳುಹಿಸಿದ್ದು ತನ್ನವೆಂದಲ್ಲ, ಯಾರೋ ಪ್ರಾಚೀನರ ರಚನೆಗಳೆಂದು. ಪಟ್ಟಾಭಿಷೇಕಕ್ಕೆ ತಾಯಿಯ ಹೆಸರಿತ್ತನು. ಕೀರ್ತಿಯ ಆಸೆಯಿದ್ದವನು ಹೀಗೆ ಮಾಡುವನೇ? ಹೊಸಬನ ಹಳಗನ್ನಡವನ್ನು ಯಾರು ಮೆಚ್ಚುವರೆಂಬ ಸಂಕೋಚವೂ ಇದ್ದೀತು.

1901ರ ಫೆಬ್ರವರಿಯಲ್ಲಿ ಆತನು ಮಡಿದಾಗ ಪತ್ನಿಯೂ ಎಳೆಯ ಮಗನೂ ಉಳಿದರು. ವಿದ್ವಾಂಸರು ರಾಮಾಶ್ವಮೇಧವನ್ನು ಹಳೆಯ ಕವಿಯೊಬ್ಬನದೆಂದೇ ಓದುತ್ತಿದ್ದರು. ಆ ಮುದ್ದಣನು ಉಡುಪಿಯ ಶಾಲೆಯ ಡ್ರಿಲ್ ಮೇಷ್ಟರೇ ಎಂಬುದು ಕನ್ನಡನಾಡಿಗೆ ತಿಳಿದದ್ದು ಹಲವು ವರ್ಷಗಳ ತರುವಾಯ.